ಸೊಂಟದ ಆಪರೇಷನ್ ನೋವಿಗೆ ನರ್ವ್ ಬ್ಲಾಕ್: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ



ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ವಯಸ್ಸಾದವರೂ ಕುರಿ ಹಿಂದೆ ಹೋಗುತ್ತಾರೆ, ಶೇಂಗಾ ಬಿಡಿಸುತ್ತಾರೆ, ಮಗ್ಗಕ್ಕೆ ಕೂರುತ್ತಾರೆ. ಬಿದ್ದು ಸೊಂಟದ ಮೂಳೆ ಮುರಿದರೆ ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೊರಡಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸರೆಯಾಗಿದೆ. ಖರ್ಚಿನ ಭಯ ತಗ್ಗಿದೆ. ನೋವಿನ ಭಯ ತಗ್ಗಿಲ್ಲ.

ಆಪರೇಷನ್ನಿಗೆಂದು ಬೆನ್ನಿಗೆ ಕೊಟ್ಟ ಅರಿವಳಿಕೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆಮೇಲೆ ಕಾಲು ಕದಲಿಸಲೂ ಹೆದರಿ ವೃದ್ಧರು ಮಲಗಿದಲ್ಲೇ ಉಳಿದರೆ ಶ್ವಾಸಕೋಶದ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಬೆನ್ನಹುಣ್ಣು ಒಂದೊಂದಾಗಿ ಬರುತ್ತವೆ. ಮಾರ್ಫಿನ್ ಬಗೆಯ ಔಷಧ ಹೆಚ್ಚಾದರೆ ವಾಂತಿ, ಮಂಪರು, ಬುದ್ಧಿಗೆ ಗೊಂದಲ.

ಇದಕ್ಕೆ ನರ್ವ್ ಬ್ಲಾಕ್ ಇದೆ. ತೊಡೆಸಂದಿನ ಬಳಿ ಬ್ಯುಪಿವಕೇನ್ ಅಥವಾ ರೋಪಿವಕೇನ್ ಔಷಧವನ್ನು ನರಗಳ ಸುತ್ತ ಹರಡಿದರೆ ಸೊಂಟದ ಕೀಲಿನ ನೋವು ಹಲವು ಗಂಟೆ ಅಡಗುತ್ತದೆ. ಫೇಶಿಯಾ ಇಲಿಯಾಕಾ ಬ್ಲಾಕ್ 1989ರಿಂದಲೇ ವೈದ್ಯರಿಗೆ ಗೊತ್ತು. 2018ರಲ್ಲಿ ಬಂದ ಪೆಂಗ್ ಬ್ಲಾಕ್ ಕೀಲಿಗೆ ಹೋಗುವ ಕವಲು ನರಗಳನ್ನೇ ಗುರಿ ಮಾಡುತ್ತದೆ. ತೊಡೆಯ ಬಲ ಬಹುಮಟ್ಟಿಗೆ ಉಳಿಯುವುದರಿಂದ ವಾಕರ್ ಹಿಡಿಸಿ ರೋಗಿಯನ್ನು ಬೇಗ ನಿಲ್ಲಿಸಬಹುದು. ಸೊಂಟ ಮುರಿದವರ ಕುರಿತ ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2020ರ ಕೊಕ್ರೇನ್ ವಿಮರ್ಶೆಯ ಪ್ರಕಾರ ಬ್ಲಾಕ್ ಪಡೆದವರಲ್ಲಿ ಅಲುಗಾಡುವಾಗಿನ ನೋವೂ ಬುದ್ಧಿಯ ಗೊಂದಲವೂ ಕಡಿಮೆ.

ಆದ್ದರಿಂದ ನನ್ನ ಕೋರಿಕೆ: ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಸೊಂಟದ ಆಪರೇಷನ್ನಿನ ಜೊತೆಗೇ ನರ್ವ್ ಬ್ಲಾಕ್ ಸಿಗುವಂತೆ ಆದೇಶಿಸಿ. ಅರಿವಳಿಕೆ ತಜ್ಞರಿಗೆ ತರಬೇತಿ ಕೊಡಿಸಿ. ಬ್ಲಾಕ್ ಕೊಡುವಾಗ ಸೂಜಿಗೆ ದಾರಿ ತೋರುವ ಸ್ಕ್ಯಾನಿಂಗ್ ಯಂತ್ರ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿಯಾಗಲೇಬೇಕು. ಹೆಣ್ಣುಮಕ್ಕಳನ್ನು ಕಾಯುವ ಆ ಕಾಯ್ದೆ ಸಡಿಲವಾಗುವುದು ಬೇಡ. ಆಪರೇಷನ್ ಥಿಯೇಟರಿಗೆಂದೇ ಒಂದು ಯಂತ್ರವನ್ನು ಇಲಾಖೆಯೇ ನೋಂದಾಯಿಸಿ ಕೊಡಲಿ. ಅದು ಬರುವವರೆಗೂ ಕಾಯಬೇಕಿಲ್ಲ, ಪಳಗಿದ ಕೈ ಫೇಶಿಯಾ ಇಲಿಯಾಕಾ ಬ್ಲಾಕನ್ನು ಯಂತ್ರವಿಲ್ಲದೆಯೂ ಕೊಡಬಲ್ಲದು.

ಅಪಾಯವನ್ನೂ ಮರೆಯುವಂತಿಲ್ಲ. ಔಷಧ ರಕ್ತನಾಳಕ್ಕೆ ಸೇರಿದರೆ ಫಿಟ್ಸ್ ಬರಬಹುದು, ಹೃದಯದ ಲಯ ತಪ್ಪಬಹುದು. ಅದಕ್ಕೆ ಬೇಕಾದ ಲಿಪಿಡ್ ಎಮಲ್ಷನ್ ಥಿಯೇಟರಿನಲ್ಲೇ ಇರಬೇಕು. ಕಾಲು ಜೋಮು ಹಿಡಿದಿರುವಾಗ ರೋಗಿ ಒಬ್ಬರೇ ಏಳಬಾರದೆಂದು ಮನೆಯವರಿಗೆ ಕನ್ನಡದಲ್ಲಿ ತಿಳಿಸಬೇಕು.

ಕೀಲು ಬದಲಾಯಿಸಲು ಸರ್ಕಾರ ಹಣ ಕೊಡುವುದು ಮನುಷ್ಯ ಮತ್ತೆ ನಡೆಯಲೆಂದು. ನೋವು ತಡೆಯುವುದೂ ಆ ಚಿಕಿತ್ಸೆಯ ಭಾಗವೇ. ಅದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗಬಲ್ಲವರ ಪಾಲಿಗಷ್ಟೇ ಉಳಿಯದಂತೆ ನೋಡಿಕೊಳ್ಳಿ.

ಇತಿ,
ಬಿ.ಜಿ. ಕೆರೆಯ ನಾಗರಿಕ