ನಾಡಗೀತೆಯ ಎರಡೂವರೆ ನಿಮಿಷ

ಮಾಗಡಿ ರಸ್ತೆಯ ವಾಹನಘೋಷವು ಇರುಳಾದರೂ ಅಡಗದ ನಮ್ಮ ಹೇರೋಹಳ್ಳಿಯಲ್ಲಿ, ನವೆಂಬರ್ ಬಂದಿತೆಂದರೆ ಹಳದಿ ಕೆಂಪು ಬಾವುಟಗಳೇರಿ, ಶಾಮಿಯಾನದ ಕೆಳಗೆ ರಾಜ್ಯೋತ್ಸವದ ಸಭೆ ಕೂಡುವುದು ವಾಡಿಕೆ. ಅಂತಹದೊಂದು ಸಭೆಯಲ್ಲಿ, ದಿನಗಟ್ಟಲೆ ಅಭ್ಯಾಸ ಮಾಡಿ ಬಂದಿದ್ದ ಎಳೆಯ ಹೆಣ್ಣುಮಕ್ಕಳು ನಾಡಗೀತೆಯನ್ನು ಹಾಡುತ್ತಿರಲು, ರನ್ನ ಪೊನ್ನ ಪಂಪರ ಹೆಸರು ಬರುವ ಮುನ್ನವೇ ವ್ಯವಸ್ಥಾಪಕರೊಬ್ಬರು ಮುಂದೆ ಬಂದು, ಹೊತ್ತಾಯಿತು, ಇಷ್ಟು ಸಾಕು ಎಂದು ಕೈಸನ್ನೆ ಮಾಡಿದರು. ಮಕ್ಕಳು ತಬ್ಬಿಬ್ಬಾಗಿ ಪಲ್ಲವಿಗೆ ಮರಳಿ ಮುಗಿಸಿದರು. ಅನಂತರ ಸನ್ಮಾನಗಳಿಗೂ ಭಾಷಣಗಳಿಗೂ ಒಂದು ಗಂಟೆಗೆ ಮೇಲ್ಪಟ್ಟು ಕಾಲ ಸಂದಿತು. ಅಂದಿನ ವ್ಯಥೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಾಡನ್ನು ಸಂಕ್ಷೇಪಿಸುವುದೇ ಅಪರಾಧವೆಂದು ನಾನು ಹೇಳಲಾರೆ. ದಾಸರ ಪದಗಳನ್ನು ಕಚೇರಿಯಲ್ಲಿ ಹಾಡುವ ವಿದ್ವಾಂಸರು ಎಲ್ಲ ಚರಣಗಳನ್ನೂ ಹಾಡುವುದು ಅಪೂರ್ವ. ಆದರೆ ನಡುವಣ ಚರಣಗಳನ್ನು ಬಿಟ್ಟರೂ ಪುರಂದರವಿಠಲನ ಅಥವಾ ಕಾಗಿನೆಲೆಯಾದಿಕೇಶವನ ಅಂಕಿತವುಳ್ಳ ಕಡೆಯ ಚರಣವನ್ನು ಬಲ್ಲವರು ಬಿಡರು. ಪದವು ಯಾರ ಪಾದದಲ್ಲಿ ಬಂದು ನಿಲ್ಲಬೇಕೆಂಬುದನ್ನು ಹೇಳುವುದು ಆ ಚರಣವೇ ಆದಕಾರಣ, ಅಲ್ಲಿ ಕತ್ತರಿಯಾಡಿಸುವ ಅಧಿಕಾರ ಗಾಯಕನಿಗಿಲ್ಲವೆಂಬ ವಿವೇಕ ನಮ್ಮ ಪರಂಪರೆಯಲ್ಲಿ ರೂಢವಾಗಿದೆ. ರಾಷ್ಟ್ರದ ಗೀತೆಗಳಲ್ಲಿಯೂ ಆಯ್ಕೆ ನಡೆದಿರುವುದುಂಟು. ರವೀಂದ್ರರ ಗೀತೆಯ ಐದು ಪದ್ಯಗಳಲ್ಲಿ ಮೊದಲನೆಯದು ಮಾತ್ರ ರಾಷ್ಟ್ರಗೀತೆಯಾಯಿತು. ವಂದೇ ಮಾತರಂ ಗೀತೆಯ ಮೊದಲೆರಡು ಪದ್ಯಗಳನ್ನಷ್ಟೇ ಸಭೆಗಳಲ್ಲಿ ಹಾಡತಕ್ಕುದೆಂದು ಕಾಂಗ್ರೆಸ್ಸಿನ ಕಾರ್ಯಸಮಿತಿ 1937ರಲ್ಲಿ ಗೊತ್ತುಮಾಡಿತು.

ಆದರೆ ಕುವೆಂಪು ಅವರು ರಚಿಸಿದ ನಾಡಗೀತೆಯ ಬಗೆಯೇ ಬೇರೆ. ಅದು ಸ್ಮರಣೆಯಿಂದ ಸ್ಮರಣೆಗೆ ಏರುತ್ತ ಹೋಗುವ ನಾಮಾವಳಿ. ಕಪಿಲ ಗೌತಮರನ್ನು ಸ್ಮರಿಸಿ, ಆಚಾರ್ಯರನ್ನೂ ಬಸವೇಶ್ವರನನ್ನೂ ಹಾದು, ಕವಿಗಳನ್ನು ಕರೆದು, ನಾನಕ ಕಬೀರರನ್ನು ನೆನೆದು, ತೈಲಪ ಹೊಯ್ಸಳರೆಂಬ ಅರಸರ ಮಗ್ಗುಲಲ್ಲಿಯೇ ಡಂಕಣ ಜಕಣರೆಂಬ ಶಿಲ್ಪಿಗಳನ್ನು ಕುಳ್ಳಿರಿಸಿ (ಇದೆಂತಹ ಔದಾರ್ಯ!), ನದಿಗಳನ್ನು ದಾಟಿ, ಕಡೆಗೆ ಹಿಂದೂ ಕ್ರೈಸ್ತ ಮುಸಲ್ಮಾನ ಪಾರಸಿಕ ಜೈನರನ್ನು ಒಂದೇ ತೋಟಕ್ಕೆ ತಂದು ಸೇರಿಸುತ್ತದೆ. ಈ ಕಡೆಯ ಭಾಗವೇ ನಾಡಗೀತೆಯ ಅಂಕಿತ. ಎರಡು ಚರಣಕ್ಕೆ ನಿಲ್ಲಿಸಿದವನು ಹಾಡನ್ನು ಚಿಕ್ಕದು ಮಾಡುವುದಿಲ್ಲ. ಅದು ಸೇರಹೊರಟ ಊರನ್ನು ಮುಟ್ಟಗೊಡುವುದಿಲ್ಲ. ಮಧ್ವಾಚಾರ್ಯರ ಹೆಸರೊಂದನ್ನು ಗೀತೆಯಲ್ಲಿ ಸೇರಿಸುವ ವಿಷಯವಾಗಿ ಹಿಂದೆ ಎಷ್ಟು ಚರ್ಚೆ ನಡೆಯಿತೆಂಬುದನ್ನು ನೆನೆದರೆ, ಇಲ್ಲಿ ಒಂದೊಂದು ನಾಮಕ್ಕೂ ಎಷ್ಟು ತೂಕವುಂಟೆಂಬುದು ತಿಳಿದೀತು.

2004ರ ಜನವರಿಯಲ್ಲಿ ಇದು ನಾಡಗೀತೆಯೆಂದು ಘೋಷಿತವಾದ ಬಳಿಕ, ಧಾಟಿ ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವತ್ಥರದೋ ಎಂಬ ವಿವಾದವೂ, ಉದ್ದ ಹೆಚ್ಚಾಯಿತೆಂಬ ದೂರೂ ಬಹುಕಾಲ ನಡೆದುವು. ಸಭೆಯಲ್ಲಿ ಎದ್ದುನಿಂತ ವೃದ್ಧರ ಕಾಲು ನೋಯುವುದೂ ನಿಜವೇ. 2022ರ ಸೆಪ್ಟೆಂಬರ್ ತಿಂಗಳಲ್ಲಿ ಸರ್ಕಾರ ಹೊರಡಿಸಿದ ಆದೇಶವು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ, ಆಲಾಪವಿಲ್ಲದೆ, ಸಾಲುಗಳ ಪುನರಾವೃತ್ತಿಯಿಲ್ಲದೆ, ಇಡೀ ಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ವಿಧಿಸಿತು. 2024ರಲ್ಲಿ ಉಚ್ಚ ನ್ಯಾಯಾಲಯವೂ ಆ ಆದೇಶವನ್ನು ಎತ್ತಿಹಿಡಿಯಿತು. ಅಶ್ವತ್ಥರ ಧಾಟಿಯ ಗಾಂಭೀರ್ಯಕ್ಕೆ ಮನಸೋತವರಲ್ಲಿ ನಾನೂ ಒಬ್ಬ; ಅದನ್ನು ವೇದಿಕೆಯಲ್ಲಿ ಹಾಡಲು ಅಡ್ಡಿಯೇನೂ ಇರಕೂಡದು. ಆದರೂ ಸಂಕ್ಷೇಪದ ಮಟ್ಟಿಗೆ ಆದೇಶವು ಹಿಡಿದ ಮಾರ್ಗವೇ ಯುಕ್ತವಾದುದೆಂದು ನನ್ನ ದೃಢವಾದ ಅಭಿಪ್ರಾಯ. ಆಲಾಪ, ಆವೃತ್ತಿಗಳು ಗಾಯಕನ ಸೊತ್ತು, ಅವನ್ನು ಬಿಡಬಹುದು; ನುಡಿಗಳು ಕವಿಯವು, ಅವನ್ನು ನಂಬಿ ನಿಂತ ನಾಡಿನವು, ಅವನ್ನು ಬಿಡಲಾಗದು.

ನಮ್ಮ ಬಡಾವಣೆಯ ಸಂಘಗಳವರಲ್ಲಿ ನನ್ನ ಬಿನ್ನಹವಿಷ್ಟೆ: ಬರುವ ನವೆಂಬರಿನಲ್ಲಿ ಹೊತ್ತು ಸಾಲದಾದರೆ ಹಾರಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿರಿ, ಭಾಷಣಗಳಲ್ಲಿ ಒಂದನ್ನು ಬಿಡಿರಿ, ಆ ಮಕ್ಕಳು ಕಡೆಯ ಚರಣದವರೆಗೆ ಹಾಡಲಿ.