ಕೆಂಪಿದ್ದ ಕಡೆಯೆಲ್ಲ ಕಾಡುಪಾಪ ಇರತ್ತಾ?

ಕಳೆದ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಟೀಮ್ ಆರಿಸಿಕೊಂಡಿದ್ದು ಕಾಡುಪಾಪ. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು, ರಾತ್ರಿ ಓಡಾಡೋ ಪ್ರಾಣಿ. ನಿಜ ಹೇಳಬೇಕಂದ್ರೆ ನಮ್ಮಲ್ಲಿ ಒಬ್ಬರೂ ಅದನ್ನು ಕಣ್ಣಾರೆ ನೋಡಿಲ್ಲ. ಆದರೂ ಅದು ಎಲ್ಲೆಲ್ಲಿ ಬದುಕಬಹುದು ಅಂತ ನಕ್ಷೆ ಮಾಡಿದ್ವಿ, ಮಾರ್ಕ್ಸೂ ಬಂತು.

ಮ್ಯಾಕ್ಸೆಂಟ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಫಿಲಿಪ್ಸ್, ಆಂಡರ್ಸನ್, ಶಪೈರ್ 2006ರಲ್ಲಿ ಪ್ರಕಟಿಸಿದ ವಿಧಾನ ಅದು. ಪ್ರಾಣಿ ಕಂಡ ಜಾಗಗಳ ಅಕ್ಷಾಂಶ-ರೇಖಾಂಶದ ಜೊತೆ ವರ್ಲ್ಡ್‌ಕ್ಲಿಮ್‌ನ 19 ಹವಾಮಾನ ಪದರ ಕೊಟ್ಟರೆ, ಅನುಕೂಲದ ಜಾಗಕ್ಕೆ ಕೆಂಪು, ಆಗದ ಜಾಗಕ್ಕೆ ನೀಲಿ ಬಳಿದು ಕೊಡುತ್ತೆ. ಗಣಿತ ಚೆನ್ನಾಗಿದೆ, ಅದರ ಮೇಲೆ ನಮ್ಮ ತಕರಾರಿಲ್ಲ.

ಪ್ರೆಸೆಂಟೇಷನ್ ಮುಗಿದ ಮೇಲೆ ತುಮಕೂರು ಕಡೆಯ ಸಹಪಾಠಿ ನಕ್ಕ. "ಲೇ, ನಮ್ಮೂರನ್ನೇ ನೀಲಿ ಮಾಡಿದ್ದೀರಲ್ರೋ! ನಮ್ಮ ತಾತ ಹುಣಸೆ ತೋಪಲ್ಲಿ ತೋರಿಸ್ತಾರೆ, ಬನ್ನಿ."

ವಾಪಸ್ ಡೇಟಾ ತೆಗೆದು ನೋಡಿದ್ವಿ. ಜಿಬಿಐಎಫ್‌ನಿಂದ ಇಳಿಸಿಕೊಂಡ ನಮ್ಮ ಚುಕ್ಕೆಗಳು ಬಹುಪಾಲು ಬೆಂಗಳೂರಿನ ಸುತ್ತಮುತ್ತ. ಅಂದ್ರೆ ಕ್ಯಾಮೆರಾ ಇರೋರು ಓಡಾಡೋ ಕಡೆ. ತಾತ ಯಾವ ಆ್ಯಪ್‌ಗೂ ಫೋಟೋ ಹಾಕಿಲ್ಲ. ಸಾಫ್ಟ್‌ವೇರ್ ಮಾತ್ರ ಎಲ್ಲ ಊರನ್ನೂ ಒಂದೇ ಸಮ ಹುಡುಕಿದ್ದಾರೆ ಅಂದುಕೊಂಡು, ಹೋಲಿಕೆಗೆ 10,000 ಬಿಂದುಗಳನ್ನು ಎಲ್ಲೆಲ್ಲಿಂದಲೋ ಆರಿಸಿತ್ತು. ಇನ್ನೊಂದು ಎಡವಟ್ಟು ಪೂರ್ತಿ ನಮ್ಮದೇ. ಕಳ್ಳಬೇಟೆಗೆ ದಾರಿ ಆಗಬಾರದು ಅಂತ ಐನ್ಯಾಚುರಲಿಸ್ಟ್ ಅಪಾಯದಲ್ಲಿರೋ ಜೀವಿಗಳ ಜಾಗವನ್ನು ಸುಮಾರು 20 ಕಿ.ಮೀ. ಅಗಲದ ಚೌಕದೊಳಗೆ ಬೇಕಂತಲೇ ಕದಲಿಸಿ ತೋರಿಸುತ್ತೆ. ನಾವು ಅಂಥ ಚುಕ್ಕೆಗಳನ್ನು 1 ಕಿ.ಮೀ. ಚೌಕದ ಹವಾಮಾನಕ್ಕೆ ಜೋಡಿಸಿದ್ವಿ! ಫೈಲ್‌ನಲ್ಲಿ ಅದಕ್ಕೊಂದು ಕಾಲಮ್ ಇತ್ತು, ಓದಿರಲಿಲ್ಲ ಅಷ್ಟೇ.

ಹಾಗಾದ್ರೆ ಎಯುಸಿ 0.9 ದಾಟಿದ್ದು ಹೇಗೆ? ಅದೇ ಚುಕ್ಕೆಗಳಲ್ಲಿ ಕೆಲವನ್ನು ಎತ್ತಿಟ್ಟು ಅವುಗಳಿಂದಲೇ ಪರೀಕ್ಷೆ ಮಾಡಿದ್ವಿ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ ಇಂಟರ್ನಲ್ಸ್ ಥರ.

ಮಾರ್ಕ್ಸ್ ವಿಷಯ ಬಿಡಿ. ಕಾಡುಪಾಪ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ದಾಟೋ ಪ್ರಾಣಿ, ಜಿಗಿಯೋದಿಲ್ಲ. ಮಧ್ಯೆ ನಾಲ್ಕು ಮರ ಕಡಿದ್ರೆ ಅದರ ದಾರಿ ಮುಗೀತು. ಈ ನಾಲ್ಕು ಮರ 19 ಪದರಗಳಲ್ಲಿ ಎಲ್ಲೂ ಕಾಣಲ್ಲ. ನಾಳೆ ನಮ್ಮಂಥವರೇ ಯಾವುದೋ ಕನ್ಸಲ್ಟೆನ್ಸಿಯಲ್ಲಿ ಕೂತು ಇಂಥದ್ದೇ ನಕ್ಷೆ ತೆಗೀತೀವಿ. ರಸ್ತೆ ಅಗಲ ಮಾಡೋರು ನೀಲಿ ಬಣ್ಣ ತೋರಿಸಿ "ಇಲ್ಲೇನೂ ಇಲ್ವಲ್ಲ" ಅಂದ್ರೆ ತಾತನ ಮಾತು ಯಾವ ಫೈಲಿಗೆ ಸೇರುತ್ತೆ?

ಚುಕ್ಕೆಗಳ ಈ ಓರೆ ತಿದ್ದೋ ವಿಧಾನಗಳೂ ಇವೆ. ಅದೇ ಜನ ದಾಖಲಿಸಿದ ಬೇರೆ ರಾತ್ರಿ ಪ್ರಾಣಿಗಳ ಜಾಗಗಳನ್ನೇ ಹೋಲಿಕೆಗೆ ಕೊಡಬಹುದು. ಅದೂ ಆಗಲಿ. ಆದರೆ ಇಂಥ ಪ್ರಾಜೆಕ್ಟ್‌ಗಳಿಗೆ ಒಂದು ರಾತ್ರಿಯಾದರೂ ಫೀಲ್ಡ್‌ಗೆ ಹೋಗೋದನ್ನು ಕಡ್ಡಾಯ ಮಾಡಬೇಕು, ಅದಕ್ಕೂ ಮಾರ್ಕ್ಸ್ ಇಡಬೇಕು. ವಿಭಾಗದವರಿಗೆ ಇದನ್ನೇ ಬರೆದು ಕೊಟ್ಟಿದ್ದೀವಿ.

ತಾತನಿಗೆ ಫೋನ್ ಮಾಡಿದ್ವಿ. "ಕತ್ತಲಾದ ಮೇಲೆ ಬರ್ರಪ್ಪ, ಟಾರ್ಚಿಗೆ ಕೆಂಪು ಹಾಳೆ ಸುತ್ಕೊಳ್ಳಿ, ಗಲಾಟೆ ಮಾಡಬ್ಯಾಡಿ" ಅಂದ್ರು. ಈ ಶನಿವಾರ ಹೊರಟಿದ್ದೀವಿ.