ಔತಣಕ್ಕೆ ಬಂದ ಒರಟು ಅತಿಥಿ

ಪುರಾಣದ ಪಾತ್ರವೊಂದು ಎದುರಾದೊಡನೆ, ಇವನು ದೇವಪಕ್ಷದವನೋ ದಾನವಪಕ್ಷದವನೋ ಎಂದು ಕೇಳುವುದು ನಮ್ಮ ವಾಡಿಕೆ. ಬಹುಮಟ್ಟಿಗೆ ಉತ್ತರವೂ ದೊರೆಯುತ್ತದೆ. ಆದರೆ ಎರಡು ಪಕ್ಷಗಳಲ್ಲಿಯೂ ನಿಲ್ಲದೆ, ಎರಡನ್ನೂ ಕಲಕುತ್ತ ನಡೆಯುವ ಕೆಲವರುಂಟು. ಉತ್ತರ ಯುರೋಪಿನ ನಾರ್ಸ್ ಪುರಾಣಗಳಲ್ಲಿ ಬರುವ ಲೋಕಿ ಅಂಥವನು. ನಮ್ಮ ನಾರದನಂತೆ ಇವನೂ ಒಬ್ಬ ಕಲಹಪ್ರಿಯ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ನಾರದನು ಹಚ್ಚಿದ ಜಗಳ ಕೊನೆಗೆ ಲೋಕಹಿತದಲ್ಲಿ ಮುಗಿಯುವುದೆಂಬ ಭರವಸೆ ಕೇಳುವವನಿಗೆ ಮೊದಲೇ ಇರುತ್ತದೆ. ಲೋಕಿಯ ವಿಷಯದಲ್ಲಿ ಆ ಭರವಸೆ ಇಲ್ಲ. ಅವನನ್ನು ಅರಿಯಲು ಬೇರೊಂದು ಅಳತೆಗೋಲು ಬೇಕು. ಅದನ್ನು ನಾನು ಹುಮನಾಬಾದಿನ ನೆರೆಯಲ್ಲಿ, ಶರಣರ ಕಲ್ಯಾಣದ ಕಥೆಗಳಲ್ಲಿ ಕಂಡಿದ್ದೇನೆ.

ಮೊದಲು ಲೋಕಿಯ ಪರಿಚಯವಾಗಲಿ. ಅವನು ದೈತ್ಯಕುಲದಲ್ಲಿ ಹುಟ್ಟಿದವನು. ಆದರೂ ದೇವತೆಗಳ ಒಡೆಯನಾದ ಓಡಿನ್ನನೊಡನೆ ರಕ್ತ ಬೆರೆಸಿ ಸೋದರತ್ವ ಪಡೆದು ದೇವಲೋಕದಲ್ಲಿಯೇ ಬಾಳುತ್ತಾನೆ. ಕುಚೇಷ್ಟೆಗಾಗಿ ಥಾರ್ ದೇವನ ಹೆಂಡತಿಯ ಕೂದಲನ್ನು ಕತ್ತರಿಸಿಬಿಡುತ್ತಾನೆ. ಆ ತಪ್ಪಿಗೆ ಪರಿಹಾರ ಹುಡುಕಹೊರಟು ಕುಬ್ಜ ಕಮ್ಮಾರರಿಂದ ಹೊನ್ನಿನ ಕೂದಲನ್ನೂ ಓಡಿನ್ನನ ಈಟಿಯನ್ನೂ ಥಾರನ ಸುತ್ತಿಗೆಯನ್ನೂ ತಂದುಕೊಡುತ್ತಾನೆ. ಕೋಟೆ ಕಟ್ಟಲು ಬಂದ ದೈತ್ಯನ ಕುದುರೆಯನ್ನು ಮರುಳುಗೊಳಿಸಲು ತಾನೇ ಹೆಣ್ಣು ಕುದುರೆಯಾಗಿ, ಎಂಟು ಕಾಲಿನ ಮರಿಯೊಂದನ್ನು ಹಡೆಯುತ್ತಾನೆ. ಅದೇ ಓಡಿನ್ನನ ಶ್ರೇಷ್ಠ ವಾಹನವಾಗುತ್ತದೆ. ದೇವತೆಗಳ ಬಲವೆಂದು ಯಾವುದನ್ನು ಹೇಳುತ್ತೇವೆಯೋ ಅದರ ಬಹುಪಾಲು ಈ ತುಂಟನ ಕಿತಾಪತಿಯಿಂದಲೇ ಬಂದದ್ದು! ಇಲ್ಲಿಯವರೆಗೆ ನಾವು ನಗುತ್ತಲೇ ಕೇಳಬಹುದು. ಆ ಮೇಲಿನ ಎರಡು ಕಥೆಗಳು ನಗುವಂಥವಲ್ಲ.

ಒಂದು, ಸಮುದ್ರರಾಜ ಏಗಿರನ ಔತಣದ ಕಥೆ. ಅಲ್ಲಿನ ಸೇವಕನನ್ನು ಅತಿಥಿಗಳು ಹೊಗಳಿದರೆಂಬ ಅಸೂಯೆಯಿಂದ ಲೋಕಿ ಅವನನ್ನು ಕೊಲ್ಲುತ್ತಾನೆ. ಹೊರದೂಡಿದರೂ ಮರಳಿ ಬಂದು, ಹಳೆಯ ಸೋದರತ್ವವನ್ನು ನೆನಪಿಸಿ ಪಂಕ್ತಿಯಲ್ಲಿ ಸ್ಥಾನ ಪಡೆದು, ಕುಳಿತ ದೇವದೇವಿಯರ ಹುಳುಕುಗಳನ್ನು ಒಬ್ಬೊಬ್ಬರದಾಗಿ ಎತ್ತಿ ಆಡುತ್ತಾನೆ. ಯುದ್ಧದಲ್ಲಿ ಅನರ್ಹರಿಗೆ ಜಯ ಕೊಟ್ಟೆಯೆಂದು ಓಡಿನ್ನನನ್ನೇ ಹಳಿಯುತ್ತಾನೆ. ಉತ್ತರ ಕೊಡಲು ಯತ್ನಿಸಿದವರೆಲ್ಲ ಇನ್ನಷ್ಟು ಮಾತು ಕೇಳಬೇಕಾಗುತ್ತದೆ. ಕೊನೆಗೆ ಥಾರನು ಸುತ್ತಿಗೆಯೆತ್ತಿ ಗದರಿದಾಗ ಮಾತ್ರ ಲೋಕಿ ಎದ್ದು ಹೋಗುತ್ತಾನೆ.

ಇನ್ನೊಂದು, ಬಾಲ್ಡರನ ಮರಣ. ಎಲ್ಲರಿಗೂ ಪ್ರಿಯನಾದ ಈ ದೇವಕುಮಾರನಿಗೆ ಕೇಡು ಮಾಡೆವೆಂದು ಜಗತ್ತಿನ ವಸ್ತುಗಳೆಲ್ಲ ಆತನ ತಾಯಿಗೆ ಆಣೆಯಿಟ್ಟಿದ್ದವು, ಬದನಿಕೆಯ ಜಾತಿಯ ಒಂದು ಎಳೆಯ ಗಿಡವನ್ನುಳಿದು. ಅದನ್ನು ಅರಿತ ಲೋಕಿ ಆ ಕಡ್ಡಿಯನ್ನು ಕಣ್ಣಿಲ್ಲದ ಹೋಡನ ಕೈಗಿತ್ತು, ಗುರಿ ತೋರಿಸಿ ಎಸೆಯಿಸಿದ. ಬಾಲ್ಡರ್ ಸತ್ತ. ಕೈ ಒಬ್ಬನದು, ಬುದ್ಧಿ ಮತ್ತೊಬ್ಬನದು.

ಲೋಕಿಗೆ ಶಿಕ್ಷೆಯಾಯಿತು. ಅವನ ಮಗನ ಕರುಳಿನಿಂದಲೇ ಅವನನ್ನು ಬಂಡೆಗೆ ಬಿಗಿದರು. ಮೇಲಿನಿಂದ ಹಾವಿನ ವಿಷ ತೊಟ್ಟಿಕ್ಕುತ್ತದೆ. ಹೆಂಡತಿ ಸಿಗಿನ್ ಬಟ್ಟಲು ಹಿಡಿದು ನಿಂತಿದ್ದಾಳೆ. ಅದನ್ನು ಚೆಲ್ಲಿ ಬರುವಷ್ಟರಲ್ಲಿ ಬಿದ್ದ ಹನಿಗೆ ಅವನು ಮಿಡುಕಿದರೆ ಭೂಮಿ ನಡುಗುತ್ತದೆ. ಆದರೆ ಯಾವ ಅಪರಾಧಕ್ಕೆ ಈ ಶಿಕ್ಷೆ? ಐಸ್‌ಲೆಂಡಿನ ಪಂಡಿತ ಸ್ನೋರಿ ಸ್ಟುರ್ಲುಸನ್ 13ನೆಯ ಶತಮಾನದ ಆದಿಯಲ್ಲಿ ಬರೆದ ಗ್ರಂಥದಲ್ಲಿ ಇದು ಬಾಲ್ಡರನ ಕೊಲೆಗೆ ಸಂದ ದಂಡ. ಔತಣದ ಕಥೆಯಿರುವ ಪ್ರಾಚೀನ ಕಾವ್ಯದ ಕೊನೆಯ ಗದ್ಯಭಾಗದಲ್ಲಿಯಾದರೋ, ಇದು ಆಡಿದ ಮಾತಿನ ಬೆನ್ನಲ್ಲೇ ಬರುತ್ತದೆ. ಒಂದೇ ಬಂಡೆ, ಒಂದೇ ವಿಷ; ಕಾರಣ ಮಾತ್ರ ಎರಡು. ಲೋಕಿಯ ಒಗಟಿನ ಕೀಲು ಇಲ್ಲಿದೆಯೆಂದು ನನಗೆ ತೋರುತ್ತದೆ.

ಔತಣ ಕೆಡಿಸುವವನು ನಮ್ಮ ಸೀಮೆಗೆ ಹೊಸಬನೇನಲ್ಲ. ಹುಮನಾಬಾದಿನಲ್ಲಿ ವರ್ಷವರ್ಷವೂ ಜನ ಸಾಗರವಾಗಿ ನೆರೆದು ಜಾತ್ರೆ ಮಾಡುವುದು ದಕ್ಷನ ಯಜ್ಞವನ್ನು ಧ್ವಂಸಮಾಡಿದ ವೀರಭದ್ರನಿಗೆ ತಾನೆ? ಕರೆಯದೆ ಬಿಟ್ಟವನ ಪರವಾಗಿ ಬಂದ ಕೋಪ ಅದು. ಆದರೆ ವೀರಭದ್ರನದು ಖಡ್ಗದ ದಾರಿ. ಮಾತಿನಿಂದ ಪಂಕ್ತಿಯನ್ನು ಅಲುಗಿಸಿದವನನ್ನು ಕಾಣಬೇಕಾದರೆ ಪಕ್ಕದ ತಾಲ್ಲೂಕಿನ ಬಸವಕಲ್ಯಾಣಕ್ಕೆ ಹೋಗಬೇಕು. ಅವನು ಅಲ್ಲಮಪ್ರಭು.

ಹೋಲಿಕೆ ಕೆಲವರಿಗೆ ಕಟುವೆನಿಸೀತು. ನಾನು ಇಬ್ಬರನ್ನೂ ಸಮನೆಂದು ಹೇಳುತ್ತಿಲ್ಲ. ಇಬ್ಬರ ನಡೆಯನ್ನು ಪಕ್ಕದಲ್ಲಿಟ್ಟು ನೋಡಿರೆನ್ನುತ್ತೇನೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯ ಅಲ್ಲಮ ಸೌಮ್ಯನಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅವನ ಆಳುಗಳೆದುರಿಗೇ ಹಂಗಿಸುತ್ತಾನೆ, ಅವರು ಕಲ್ಲೆಸೆಯುತ್ತಾರೆ. ಕಲ್ಯಾಣಕ್ಕೆ ಬಂದಾಗ ಬಸವಣ್ಣ ಪೂಜೆಯಲ್ಲಿದ್ದು, ಹಡಪದ ಅಪ್ಪಣ್ಣನ ಮೂಲಕ ಕರೆಯ ಕಳಿಸಿದರೆ, ಬಾಗಿಲಲ್ಲಿಯೇ ನಿಂತುಬಿಡುತ್ತಾನೆ. ತುಂಬಿದ ಸಭೆಯಲ್ಲಿ ಅಕ್ಕಮಹಾದೇವಿಯನ್ನು, ಉಡುಗೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂದು ಕೇಳುತ್ತಾನೆ. ಬಸವಣ್ಣನ ಮನೆಯಲ್ಲಿ ಸಮಸ್ತ ಜಂಗಮರಿಗಾಗಿ ಮಾಡಿದ ಅಡಿಗೆಯನ್ನೆಲ್ಲ ತಾನೊಬ್ಬನೇ ಉಂಡರೂ ತಣಿಯುವುದಿಲ್ಲ. ಬಸವಣ್ಣ ತನ್ನನ್ನೇ ಅರ್ಪಿಸಿಕೊಂಡಾಗ ಆ ಹಸಿವು ಅಡಗುತ್ತದೆ. ಇಂಥ ಅತಿಥಿಗೆ ಕಲ್ಯಾಣದವರು ಕೊಟ್ಟದ್ದೇನು? ಬಂಡೆಯಲ್ಲ, ಶೂನ್ಯಸಿಂಹಾಸನ.

ಈ ಅಂತರ ಎಲ್ಲಿಂದ ಬಂತು? ಕಲ್ಯಾಣದವರು ಸಹನಶೀಲರು, ಅಲ್ಲಿನ ದೇವತೆಗಳು ಅಸಹನೆಯವರು ಎಂದರೆ ಉತ್ತರವಾಗದು. ಅಲ್ಲಮ ಕಟುವಾಗಿ ನುಡಿದ ಮೇಲೆ ಅಲ್ಲಿಯೇ ನಿಂತ. ಕಲ್ಲಿನ ಏಟಿಗೂ ಸಿದ್ಧರಾಮನ ಸಿಟ್ಟಿಗೂ ಎದೆಯೊಡ್ಡಿ, ಮಾತು ಮುಂದುವರಿಸಿ, ಅವನನ್ನು ಕೈಹಿಡಿದು ಕಲ್ಯಾಣಕ್ಕೆ ಕರೆತಂದ. ಅಕ್ಕನ ಉತ್ತರವನ್ನು ಕೇಳಿ, ಸಭೆಯೆದುರಿಗೆ ಅವಳ ಹಿರಿಮೆಯನ್ನು ಒಪ್ಪಿದ. ಲೋಕಿ ಮಾತನಾಡಿ ಓಡಿದ. ಮೀನಾಗಿ ಜಲಪಾತದಡಿ ಅಡಗಿದ. ಅವನ ಮಾತಿನಲ್ಲಿ ನಿಜವಿತ್ತು, ಕೇಳುವವನ ಉತ್ತರಕ್ಕೆ ಎಡೆಯಿರಲಿಲ್ಲ.

ಆದರೂ ಔತಣದ ಲೋಕಿ ಮುಖಕ್ಕೆ ಮುಖ ಕೊಟ್ಟು ನುಡಿದನೆಂಬುದನ್ನು ಮರೆಯಲಾಗದು. ಬಾಲ್ಡರನ ಕಥೆಯ ಲೋಕಿ ಬೇರೆ. ಅವನ ಜೊತೆಗಾರನನ್ನು ಕಲ್ಯಾಣದಲ್ಲಿ ಹುಡುಕಿದರೆ ಅಲ್ಲಮನ ಬಳಿ ಸಿಕ್ಕುವುದಿಲ್ಲ, ಬಿಜ್ಜಳನ ಓಲಗದಲ್ಲಿ ಸಿಕ್ಕುತ್ತಾನೆ. ಶರಣಪರಂಪರೆ ಅವನನ್ನು ಕೊಂಡೆಯ ಮಂಚಣ್ಣನೆಂದು ಕರೆಯುತ್ತದೆ. ಅವನು ಬಸವಣ್ಣನಿಗೆ ಎದುರು ನಿಂತು ಪ್ರಶ್ನೆ ಕೇಳಿದವನಲ್ಲ, ದೊರೆಯ ಕಿವಿಯಲ್ಲಿ ಚಾಡಿ ಊದಿದವನು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ವಿವಾಹವಾದಾಗ ಆ ಇಬ್ಬರು ತಂದೆಯರಿಗೆ ಘೋರಶಿಕ್ಷೆಯಾಯಿತು, 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು, ಶರಣರು ಚದುರಿದರು. ಕಲ್ಯಾಣವನ್ನು ಕೆಡಿಸಿದ್ದು ಬಿರುಸಾಗಿ ಕೇಳಿದ ಅಲ್ಲಮನ ಪ್ರಶ್ನೆಯಲ್ಲ. ಪಿಸುಮಾತು ಕೇಳಿದ ಪ್ರಭುತ್ವದ ಕುರುಡು ಕೈ.

ಆದ್ದರಿಂದ ಲೋಕಿಯಂಥವನನ್ನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳುವುದಕ್ಕಿಂತ, ಕಥೆ ಕಥೆಗೂ ಬೇರೆಯಾಗಿ ಹೀಗೆ ಕೇಳುವುದು ಮೇಲು: ಇವನು ಮುಖದೆದುರು ನುಡಿದನೇ, ಇಲ್ಲವೇ ಕಾಣದವನ ಕೈಗೆ ಕಡ್ಡಿ ಕೊಟ್ಟನೇ? ಲೋಕಿ ಎರಡನ್ನೂ ಮಾಡಿದವನಾದುದರಿಂದಲೇ ಅವನು ಒಗಟು. ನಾರ್ಸ್ ದೇವತೆಗಳು ಎರಡಕ್ಕೂ ಒಂದೇ ಬಂಡೆಯನ್ನು ತೋರಿಸಿದರು. ಅವರ ಲೋಕ ಕೊನೆಗೆ ಉರಿದುಹೋಯಿತು. ಆ ಅಂತ್ಯಯುದ್ಧದಲ್ಲಿ ಕಟ್ಟು ಹರಿದುಕೊಂಡ ಲೋಕಿ ಶತ್ರುಪಕ್ಷದಲ್ಲಿ ನಿಂತಿದ್ದ.

ನಮ್ಮ ಊರುಗಳ ಸಭೆಗಳಲ್ಲಿ, ಸಂಘಗಳಲ್ಲಿ, ಮನೆಗಳಲ್ಲಿ ಕೂಡ ನಡೆಯುವುದು ಬಹುಪಾಲು ಇದಕ್ಕೆ ವ್ಯತಿರಿಕ್ತವೇನಲ್ಲ. ಎದ್ದು ನಿಂತು ಲೆಕ್ಕ ಕೇಳಿದವನಿಗೆ ತಂಟೆಕೋರನೆಂಬ ಹೆಸರು. ಹಿಂದೆ ಕುಳಿತು ಕಿವಿ ಕಚ್ಚುವವನಿಗೆ ಹಿತೈಷಿಯೆಂಬ ಮನ್ನಣೆ. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲನ್ನು ಇಟ್ಟರು. ಆ ಹೆಸರಿನ ಕಟ್ಟಡ ಭವ್ಯವಾಗಿರಲೆಂದು ಹಾರೈಸದವರು ಯಾರು? ನನ್ನ ಹಾರೈಕೆ ಇನ್ನೊಂದಿದೆ. ಬಾಗಿಲಲ್ಲಿ ನಿಂತು, ಒಳಬರಲೊಲ್ಲದೆ, ಇಲ್ಲಿಯ ಪೂಜೆ ಯಾರಿಗಾಗಿ ಎಂದು ಕೇಳುವ ಒರಟು ಅತಿಥಿಯೊಬ್ಬ ಬಂದಾನು. ಅವನನ್ನು ಎದುರುಗೊಳ್ಳಲು ಎದ್ದು ಬರುವವರು ಅಲ್ಲಿರಲಿ.